ಎಲ್‌ಇಡಿ ಹಾಕಿದ ಮೇಲೆ ಇಂಡಿಕೇಟರ್ ಪಟಪಟ ಹೊಡೆಯುತ್ತಿದೆಯೇ? ರೆಸಿಸ್ಟರ್, ರಿಲೇ, ಕೋಡಿಂಗ್: ಯಾವುದು ಯಾವ ಕಾರಿಗೆ

ಕಾರಿನ ಇಂಡಿಕೇಟರ್‌ಗಳ ಹಳೆಯ ಬಲ್ಬು ತೆಗೆಸಿ ಎಲ್‌ಇಡಿ ಹಾಕಿಸಿಕೊಂಡವರಿಗೆ ಮೊದಲ ತಿರುವಿನಲ್ಲೇ ಒಂದು ವ್ಯತ್ಯಾಸ ಗೊತ್ತಾಗುತ್ತದೆ. ಅದುವರೆಗೆ ಒಂದೇ ಹದದಲ್ಲಿ ಟಿಕ್ ಟಿಕ್ ಎನ್ನುತ್ತಿದ್ದ ಇಂಡಿಕೇಟರ್ ಈಗ ಸುಮಾರು ಎರಡು ಪಟ್ಟು ವೇಗದಲ್ಲಿ ಪಟಪಟನೆ ಹೊಡೆದುಕೊಳ್ಳತೊಡಗುತ್ತದೆ. ವಾಪಸು ಹೋಗಿ ಕೇಳಿದರೆ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯವರಾಗಲಿ, ತಾಲ್ಲೂಕು ಪೇಟೆಯ ಆಟೋ ಎಲೆಕ್ಟ್ರಿಷಿಯನ್ ಆಗಲಿ ಹೇಳುವುದು ಹೆಚ್ಚುಕಡಿಮೆ ಒಂದೇ ಮಾತು: "ಲೋಡ್ ಕಮ್ಮಿಯಾಗಿದೆ, ಒಂದು ರೆಸಿಸ್ಟರ್ ಹಾಕಿದರೆ ಸರಿಹೋಗುತ್ತೆ." ಮಾತೇನೋ ನಿಜ. ಲೋಡ್ ಎಂದರೆ ಬಲ್ಬುಗಳು ಎಳೆಯುವ ಕರೆಂಟು, ರೆಸಿಸ್ಟರ್ ಎಂದರೆ ಕರೆಂಟು ಎಳೆದು ಅದನ್ನು ಶಾಖವಾಗಿ ಕಳೆಯುವ ಒಂದು ತುಂಡು. ಆದರೆ ಈ ತೊಂದರೆಗೆ ಇರುವ ನಾಲ್ಕೈದು ಪರಿಹಾರಗಳಲ್ಲಿ ರೆಸಿಸ್ಟರ್ ಒಂದು ಮಾತ್ರ. ಎಷ್ಟೋ ಕಾರುಗಳಲ್ಲಿ ಅದಕ್ಕಿಂತ ಸುಲಭವಾದ ದಾರಿಯಿರುತ್ತದೆ, ಇನ್ನು ಕೆಲವು ಕಾರುಗಳಲ್ಲಿ ಅದನ್ನು ಜೋಡಿಸುವ ಜಾಗವೇ ಇರುವುದಿಲ್ಲ. ಯಾವುದನ್ನು ಆರಿಸಬೇಕು ಎಂಬುದು ಎಲ್‌ಇಡಿ ಬಲ್ಬಿನ ಬೆಲೆ ಅಥವಾ ಬ್ರ್ಯಾಂಡಿಗಿಂತ ಹೆಚ್ಚಾಗಿ, ನಿಮ್ಮ ಕಾರಿನಲ್ಲಿ ಬಲ್ಬುಗಳ ಲೆಕ್ಕ ಇಡುವ ಭಾಗ ಎಲ್ಲಿದೆ ಎಂಬುದನ್ನು ಅವಲಂಬಿಸಿದೆ.

ಮೊದಲಿಗೆ ಈ ವೇಗ ಬಂದದ್ದು ಎಲ್ಲಿಂದ ಎಂಬುದನ್ನು ತಿಳಿಯುವುದು ಒಳ್ಳೆಯದು. ವಾಹನದ ದೀಪಗಳ ಜೋಡಣೆಗೆ ಸಂಬಂಧಿಸಿದ ವಿಶ್ವಸಂಸ್ಥೆಯ 48ನೇ ನಿಯಮಾವಳಿಯ ಪ್ರಕಾರ ಇಂಡಿಕೇಟರ್ ನಿಮಿಷಕ್ಕೆ 90 ಬಾರಿ, 30ರಷ್ಟು ಹೆಚ್ಚು ಅಥವಾ ಕಡಿಮೆ ಮಿತಿಯೊಳಗೆ, ಎಂದರೆ 60ರಿಂದ 120 ಬಾರಿ ಮಿನುಗಬೇಕು. ನಮ್ಮ ದೇಶದಲ್ಲಿ ನಾಲ್ಕು ಚಕ್ರದ ವಾಹನಗಳ ದೀಪ ಜೋಡಣೆಗಿರುವ ಎಐಎಸ್-008 ಮಾನಕವೂ ಅದೇ ಜಾಡಿನದು. ಅದೇ 48ನೇ ನಿಯಮಾವಳಿ ಇನ್ನೊಂದು ಷರತ್ತನ್ನೂ ಹಾಕುತ್ತದೆ: ಯಾವುದಾದರೂ ಇಂಡಿಕೇಟರ್ ಕೆಟ್ಟರೆ ಡ್ಯಾಶ್‌ಬೋರ್ಡಿನ ಹಸಿರು ಬಾಣ ಪೂರ್ತಿ ಆರಬೇಕು, ಇಲ್ಲವೇ ಮಿನುಗದೆ ಉರಿಯುತ್ತಲೇ ಇರಬೇಕು, ಇಲ್ಲವೇ ಅದರ ಮಿನುಗಿನ ವೇಗ ಎದ್ದುಕಾಣುವಷ್ಟು ಬದಲಾಗಬೇಕು. ಬಹುಪಾಲು ತಯಾರಕರು ಮೂರನೆಯ ದಾರಿ ಹಿಡಿದಿದ್ದಾರೆ. ಚಾಲಕ ಸೀಟಿನಲ್ಲಿ ಕೂತು ಹಿಂದಿನ ಬಲ್ಬು ಸುಟ್ಟಿರುವುದನ್ನು ನೋಡಲಾರ; ಆದ್ದರಿಂದ ಕಾರೇ ಅದನ್ನು ವೇಗದ ಮೂಲಕ ತಿಳಿಸುತ್ತದೆ. ಎಲ್‌ಇಡಿ ಹಾಕಿದಾಗ ಕಾಣುವುದು ಇದೇ ಎಚ್ಚರಿಕೆ. ಬಲ್ಬು ಉರಿಯುತ್ತಿದ್ದರೂ ಕಾರಿನ ಲೆಕ್ಕದಲ್ಲಿ ಅದು ಸುಟ್ಟುಹೋಗಿದೆ.

ಲೆಕ್ಕ ಹೀಗಿದೆ. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಇಂಡಿಕೇಟರ್ ಬಲ್ಬು 12 ವೋಲ್ಟಿನ 21 ವ್ಯಾಟಿನದು. ಒಂದು ಬದಿಗೆ ಮುಂದೊಂದು, ಹಿಂದೊಂದು. ಜೊತೆಗೆ ಕನ್ನಡಿಯಲ್ಲೋ ಫೆಂಡರಿನಲ್ಲೋ 5 ವ್ಯಾಟಿನದೊಂದು. ಒಟ್ಟು 47 ವ್ಯಾಟ್, ಅಂದರೆ ನಾಲ್ಕು ಆಂಪಿಯರಿಗೆ ಸ್ವಲ್ಪ ಕಡಿಮೆ. ಒಂದು 21 ವ್ಯಾಟಿನ ಬಲ್ಬು ಸುಟ್ಟರೆ ಉಳಿಯುವುದು 26 ವ್ಯಾಟ್. ಈ ಎರಡರ ನಡುವೆ ಎಲ್ಲೋ ಒಂದು ಗೆರೆ ಎಳೆದು, ಕರೆಂಟು ಅದಕ್ಕಿಂತ ಕೆಳಗಿಳಿದರೆ ವೇಗ ಇಮ್ಮಡಿಸುವಂತೆ ಫ್ಲಾಷರನ್ನು, ಅಂದರೆ ಇಂಡಿಕೇಟರನ್ನು ಮಿನುಗಿಸುವ ಭಾಗವನ್ನು, ಮಾಡಿರುತ್ತಾರೆ. ಎಲ್‌ಇಡಿ ಬಲ್ಬು ಎಳೆಯುವುದು ಕೆಲವೇ ವ್ಯಾಟ್. ಹಾಗಾಗಿ ನಾಲ್ಕರಲ್ಲಿ ಹಿಂದಿನ ಎರಡನ್ನು ಮಾತ್ರ ಬದಲಿಸಿದರೂ ಗೆರೆ ದಾಟಿಹೋಗುತ್ತದೆ. ಕನ್ನಡಿಯ 5 ವ್ಯಾಟಿನದನ್ನು ಮಾತ್ರ ಬದಲಿಸಿದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಕನ್ನಡಿಯಲ್ಲಿ ಎಲ್‌ಇಡಿ ಹಾಕಿಸಿಕೊಂಡು ಯಾವ ತೊಂದರೆಯೂ ಕಾಣದವರ ಮಾತು ನಂಬಿ ಹಿಂದಿನದನ್ನು ಬದಲಿಸಲು ಹೋದವರು ಮೋಸಹೋಗುವುದು ಇಲ್ಲೇ.

ಮೊದಲು ಕಾಯಿಲೆ ಅದೇ ಹೌದೇ ನೋಡಿ

ಪರಿಹಾರಕ್ಕೆ ಹಣ ಹಾಕುವ ಮುನ್ನ ವೇಗಕ್ಕೆ ನಿಜವಾದ ಕಾರಣ ಲೋಡೇ ಎಂದು ಖಚಿತಪಡಿಸಿಕೊಳ್ಳಬೇಕು. ನಾಲ್ಕೂ ಬಲ್ಬು ಬದಲಿಸಿದ ಮೇಲೆ ಎಡ, ಬಲ ಎರಡೂ ಬದಿ ಒಂದೇ ತೆರನಾಗಿ ವೇಗವಾಗಿ ಮಿನುಗುತ್ತಿದ್ದರೆ ಅದು ಲೋಡಿನ ವಿಷಯ. ಒಂದೇ ಬದಿ ವೇಗವಾಗಿದ್ದರೆ ಆ ಬದಿಯಲ್ಲಿ ಒಂದು ಬಲ್ಬು ಉರಿಯುತ್ತಲೇ ಇಲ್ಲದಿರಬಹುದು. ಎಲ್‌ಇಡಿಗೆ ಧನ, ಋಣಗಳ ಭೇದವಿದೆ. ಗಾಜಿನ ಬುಡದ ಚಪ್ಪಟೆ ಬಲ್ಬುಗಳು ಹೋಲ್ಡರಿನಲ್ಲಿ ಎರಡೂ ಕಡೆಯಿಂದ ಕೂರುತ್ತವಾದ್ದರಿಂದ ಉಲ್ಟಾ ಕೂತದ್ದು ಉರಿಯುವುದಿಲ್ಲ, ತಿರುಗಿಸಿ ಹಾಕಿದರೆ ಉರಿಯುತ್ತದೆ. ಹಿತ್ತಾಳೆ ಬುಡದ ಬಲ್ಬುಗಳಲ್ಲಿ ಹಳದಿ ಬಣ್ಣದ್ದಕ್ಕೂ ಬಿಳಿಯದಕ್ಕೂ ಪಕ್ಕದ ಗುಬಟೆಗಳ ಕೋನ ಬೇರೆ ಬೇರೆ. ಬಿಳಿಯದರಲ್ಲಿ ಅವು ನೇರ ಎದುರುಬದುರು, ಹಳದಿಯದರಲ್ಲಿ ಒಂದು ಕಡೆಗೆ ವಾಲಿರುತ್ತವೆ. ಬಿಳಿ ಬಲ್ಬು ತಪ್ಪಿಯೂ ಇಂಡಿಕೇಟರಿಗೆ ಹೋಗಬಾರದೆಂದೇ ಈ ಏರ್ಪಾಡು. ಅಂಥದ್ದನ್ನು ಒತ್ತಿ ಕೂರಿಸಿದ್ದರೆ ಸಂಪರ್ಕ ಸಡಿಲವಾಗಿಯೇ ಇರುತ್ತದೆ.

ಅರ್ತ್, ಅಂದರೆ ಕರೆಂಟು ಕಾರಿನ ಬಾಡಿಯ ಮೂಲಕ ಬ್ಯಾಟರಿಗೆ ಮರಳುವ ಸಂಪರ್ಕ, ಕೆಟ್ಟಿರುವುದು ಇನ್ನೊಂದು ಸಾಧ್ಯತೆ. ಹಿಂದಿನ ದೀಪದ ಹೋಲ್ಡರಿನಲ್ಲಿ ಹಸಿರು ಕಿಲುಬು ಕಂಡರೆ, ಇಂಡಿಕೇಟರ್ ಹಾಕಿದಾಗ ಪಕ್ಕದ ಬ್ರೇಕ್ ಲೈಟ್ ಮಂದವಾಗಿ ಮಿನುಗಿದರೆ, ಎಲ್‌ಇಡಿಯನ್ನು ದೂರುವ ಮೊದಲು ಅರ್ತ್ ತಂತಿಯನ್ನು ಉಜ್ಜಿ ಬಿಗಿಮಾಡಿ ನೋಡಿ. ಕರಾವಳಿ, ಮಲೆನಾಡುಗಳ ಕಾರುಗಳಲ್ಲಿ ಇದು ತೀರ ಸಾಮಾನ್ಯ. ಕೊನೆಯದಾಗಿ ಹಳೆಯ ಬಲ್ಬುಗಳನ್ನು ಮರಳಿ ಹಾಕಿ ನೋಡಿ: ನಾಲ್ಕೂ ಹಳೆಯವೇ ಇದ್ದಾಗ ವೇಗ ಸರಿಯಾಗಿ, ಎಲ್‌ಇಡಿ ಹಾಕಿದೊಡನೆ ಹೆಚ್ಚಿದರೆ ಅನುಮಾನ ಉಳಿಯುವುದಿಲ್ಲ.

ಲೆಕ್ಕ ಇಡುವವರು ಯಾರು

ಹಳೆಯ ಅಂಬಾಸಡರ್, ಮಾರುತಿ 800, ಓಮ್ನಿಗಳಂಥ ವಾಹನಗಳಲ್ಲಿ ಇಂಡಿಕೇಟರನ್ನು ಮಿನುಗಿಸುವುದು ಬೇರೆಯಾಗಿ ಕೂತ ಒಂದು ಫ್ಲಾಷರ್ ರಿಲೇ, ಅಂದರೆ ತಾನಾಗಿಯೇ ದೀಪ ಹೊತ್ತಿಸಿ ಆರಿಸುವ ಸ್ವಿಚ್ಚು. ಅದರ ಅತಿ ಹಳೆಯ ರೂಪದಲ್ಲಿ ಎರಡು ಲೋಹಗಳ ಪಟ್ಟಿಯೊಂದು ಕರೆಂಟಿನಿಂದ ಬಿಸಿಯಾಗಿ ಬಾಗಿ ಸಂಪರ್ಕ ಬಿಡುತ್ತದೆ, ತಣಿದು ಮತ್ತೆ ಕೂಡುತ್ತದೆ. ಇಂಥದ್ದಕ್ಕೆ ಎಲ್‌ಇಡಿಯ ಅಲ್ಪ ಕರೆಂಟು ಬಿಸಿಯಾಗಲೂ ಸಾಲದು; ಆದ್ದರಿಂದ ಅಲ್ಲಿ ಇಂಡಿಕೇಟರ್ ವೇಗವಾಗುವ ಬದಲು ನಿಧಾನವಾಗುತ್ತದೆ ಅಥವಾ ಮಿನುಗುವುದನ್ನೇ ಬಿಡುತ್ತದೆ. ಅನಂತರ ಬಂದ ಎಲೆಕ್ಟ್ರಾನಿಕ್ ಫ್ಲಾಷರಿನಲ್ಲಿ ಮಿಲಿಓಮ್‌ಗಳ ಲೆಕ್ಕದ ಒಂದು ಸಣ್ಣ ಷಂಟ್, ಅಂದರೆ ಕರೆಂಟು ಅಳೆಯಲೆಂದೇ ಇಟ್ಟ ತೀರ ಕಡಿಮೆ ತಡೆಯ ತುಂಡು, ಇರುತ್ತದೆ. ಬಲ್ಬುಗಳಿಗೆ ಹೋಗುವ ಕರೆಂಟೆಲ್ಲ ಅದರ ಮೂಲಕವೇ ಹಾಯುತ್ತದೆ, ಅದರ ಎರಡು ತುದಿಗಳ ನಡುವಿನ ವೋಲ್ಟೇಜನ್ನು ಒಂದು ಚಿಪ್ ಅಳೆಯುತ್ತದೆ. ಯು2043ಬಿಯಂಥ ಫ್ಲಾಷರ್ ಚಿಪ್‌ಗಳು ಆ ವೋಲ್ಟೇಜು ಕುಸಿದೊಡನೆ ಮಿನುಗಿನ ವೇಗವನ್ನು ಇಮ್ಮಡಿ ಮಾಡುವಂತೆ ರೂಪುಗೊಂಡಿವೆ. ಈ ಫ್ಲಾಷರ್ ನೋಡುವುದು ಒಟ್ಟು ಕರೆಂಟನ್ನು ಮಾತ್ರ. ಯಾವ ಬಲ್ಬು ಕೆಟ್ಟಿದೆ ಎಂದು ಅದಕ್ಕೆ ಗೊತ್ತಿಲ್ಲ.

ಬಹುತೇಕ ಹೊಸ ಕಾರುಗಳಲ್ಲಿ ಈ ರಿಲೇಯೇ ಇಲ್ಲ. ಬಾಡಿ ಕಂಟ್ರೋಲ್ ಮಾಡ್ಯೂಲ್, ಅಂದರೆ ಎಲ್ಲರ ಬಾಯಲ್ಲಿರುವ ಬಿಸಿಎಮ್, ಅರೆವಾಹಕ ಸ್ವಿಚ್ಚುಗಳ ಮೂಲಕ ದೀಪಗಳನ್ನು ನೇರವಾಗಿ ನಡೆಸುತ್ತದೆ, ಒಂದೊಂದು ಸ್ವಿಚ್ಚೂ ತನ್ನ ಮೂಲಕ ಹಾಯುವ ಕರೆಂಟು ಎಷ್ಟೆಂದು ಬಿಸಿಎಮ್‌ಗೆ ವರದಿ ಒಪ್ಪಿಸುತ್ತದೆ. ಕೇಳಿಬರುವ ಟಿಕ್ ಟಿಕ್ ಸದ್ದು ಕೂಡ ಮೀಟರಿನ ಪುಟ್ಟ ಸ್ಪೀಕರಿನಿಂದ ಬರುವ ನಕಲಿ. ಇಲ್ಲಿ ಪ್ರತಿ ಬಲ್ಬಿನ ಲೆಕ್ಕವೂ ಪ್ರತ್ಯೇಕವಾಗಿರಬಹುದು. ಕೆಲವು ಕಾರುಗಳಲ್ಲಿ ದೀಪ ಆರಿದ್ದಾಗಲೂ ಬಿಸಿಎಮ್ ಕ್ಷಣಮಾತ್ರದ ಸಣ್ಣ ಮಿಡಿತ ಕಳಿಸಿ ಬಲ್ಬು ಇದೆಯೇ ಎಂದು ಪರೀಕ್ಷಿಸುತ್ತದೆ. ಫಿಲಮೆಂಟ್ ಬಲ್ಬಿಗೆ ಇದು ತಿಳಿಯುವುದೂ ಇಲ್ಲ. ಎಲ್‌ಇಡಿಯಾದರೆ ಆರಿಸಿದ ಮೇಲೂ ಮಂದವಾಗಿ ಮಿಣುಕುತ್ತಿರುತ್ತದೆ.

ನಿಮ್ಮದು ಯಾವ ಬಗೆ ಎಂದು ತಿಳಿಯಲು ಇಂಡಿಕೇಟರ್ ಹಾಕಿ ಸ್ಟಿಯರಿಂಗ್ ಕೆಳಗೆ, ಫ್ಯೂಸ್ ಪೆಟ್ಟಿಗೆಯ ಸುತ್ತ ಕೈಯಾಡಿಸಿ. ನಿಜವಾದ ರಿಲೇ ಇದ್ದರೆ ಟಿಕ್ ಎಂದಾಗಲೆಲ್ಲ ಬೆರಳಿಗೆ ಅದರ ಬಡಿತ ತಾಗುತ್ತದೆ. ಇನ್ನೊಂದು ಸುಳಿವು ಎರಡೂ ಬದಿಯ ಇಂಡಿಕೇಟರುಗಳನ್ನು ಒಟ್ಟಿಗೆ ಮಿನುಗಿಸುವ ಹಜಾರ್ಡ್ ಗುಂಡಿಯಲ್ಲಿದೆ: ಮುಂದೆಯೋ ಹಿಂದೆಯೋ ಮಾತ್ರ ಎಲ್‌ಇಡಿ ಹಾಕಿರುವ ಕಾರಿನಲ್ಲಿ ತಿರುವಿನ ಇಂಡಿಕೇಟರ್ ವೇಗವಾಗಿದ್ದು, ಹಜಾರ್ಡ್ ಒತ್ತಿದಾಗ ಮಾತ್ರ ವೇಗ ಸರಿಯಾದರೆ, ಒಟ್ಟು ಕರೆಂಟನ್ನು ಅಳೆಯುವ ಫ್ಲಾಷರ್ ಇರುವ ಸಾಧ್ಯತೆಯೇ ಹೆಚ್ಚು. ಹಜಾರ್ಡಿನಲ್ಲಿ ಎರಡೂ ಬದಿಯ ಲೋಡು ಕೂಡುವುದರಿಂದ ಗೆರೆ ದಾಟುವುದಿಲ್ಲ.

ರೆಸಿಸ್ಟರ್: ಎಲ್ಲ ಕಾರಿಗೂ ಸಲ್ಲುತ್ತದೆ, ಬೆಂಕಿಯ ಭಯವೂ ಇದೆ

ರೆಸಿಸ್ಟರಿನ ದೊಡ್ಡ ಗುಣವೆಂದರೆ ರಿಲೇಯಿರಲಿ ಬಿಸಿಎಮ್ ಇರಲಿ ಅದು ಕೆಲಸ ಮಾಡುತ್ತದೆ. ಮಾರುಕಟ್ಟೆಯಲ್ಲಿ ಸಿಗುವುದು ಬಂಗಾರದ ಬಣ್ಣದ ಅಲ್ಯೂಮಿನಿಯಮ್ ಕವಚದ, 6 ಓಮ್, 50 ವ್ಯಾಟ್ ಎಂದು ಬರೆದಿರುವ ತುಂಡು. ಅದನ್ನು ಬಲ್ಬಿಗೆ ಸಮಾಂತರವಾಗಿ, ಅಂದರೆ ಒಂದು ತುದಿ ಇಂಡಿಕೇಟರಿನ ಪಾಸಿಟಿವ್ ತಂತಿಗೆ, ಇನ್ನೊಂದು ತುದಿ ಅರ್ತ್‌ಗೆ ಜೋಡಿಸಬೇಕು. ಯಾವ ತುದಿ ಎಲ್ಲಿಗೆ ಎಂಬ ಭೇದವಿಲ್ಲ. ತಂತಿಯ ನಡುವೆ ಸಾಲಾಗಿ ಜೋಡಿಸಿದರೆ ಲೋಡು ಒಂದಿಷ್ಟೂ ಹೆಚ್ಚುವುದಿಲ್ಲ, ದುಡ್ಡು ದಂಡ.

ಈ 6 ಓಮ್ ಎಲ್ಲಿಂದ ಬಂತು ಎಂಬುದನ್ನು ಸ್ವಲ್ಪ ನೋಡಬೇಕು, ಏಕೆಂದರೆ ಎಲೆಕ್ಟ್ರಾನಿಕ್ಸ್ ತಿಳಿದವರೇ ಇಲ್ಲಿ ಎಡವುತ್ತಾರೆ. 21 ವ್ಯಾಟಿನ ಬಲ್ಬು ಉರಿಯುವಾಗ ಅದರ ತಡೆ ಸುಮಾರು 7 ಓಮ್. ಆದರೆ ಆರಿದ ಬಲ್ಬಿಗೆ ಮಲ್ಟಿಮೀಟರ್ ಹಿಡಿದರೆ ಮುಳ್ಳು ತೋರಿಸುವುದು ಒಂದು ಓಮಿಗಿಂತಲೂ ಕಡಿಮೆ. ಟಂಗ್‌ಸ್ಟನ್ ತಂತಿ ತಣ್ಣಗಿದ್ದಾಗ ಅದರ ತಡೆ ಕಾದಾಗಿನ ತಡೆಯ ಹತ್ತನೇ ಒಂದರ ಆಸುಪಾಸಿನಲ್ಲಿರುತ್ತದೆ. ಆ ಅಳತೆಯನ್ನು ನಂಬಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಒಂದು ಓಮಿನ ರೆಸಿಸ್ಟರ್ ತಂದು ಹಾಕಿದರೆ, ಇಂಜಿನ್ ಓಡುವಾಗಿನ 13.5 ವೋಲ್ಟಿನಲ್ಲಿ ಅದರ ಮೂಲಕ 13.5 ಆಂಪಿಯರ್ ಹರಿಯುತ್ತದೆ, 180 ವ್ಯಾಟಿಗೂ ಹೆಚ್ಚು ಶಾಖ. ಫ್ಯೂಸ್ ಹೋದರೆ ಅದೃಷ್ಟ. ಬಿಸಿಎಮ್‌ನ ಸ್ವಿಚ್ಚು ಹೋದರೆ ಖರ್ಚು ಬೇರೆ.

ಸರಿಯಾದ 6 ಓಮಿನದೂ ಕಡಿಮೆ ಬಿಸಿಯಾಗುವುದಿಲ್ಲ. 13.5 ವೋಲ್ಟಿನಲ್ಲಿ ಅದು 2.25 ಆಂಪಿಯರ್ ಎಳೆದು 30 ವ್ಯಾಟನ್ನು ಶಾಖವಾಗಿ ಹೊರಗೆ ಬಿಡುತ್ತದೆ. ಅರ್ಧ ಹೊತ್ತು ಉರಿದು ಅರ್ಧ ಹೊತ್ತು ಆರುವುದರಿಂದ ಸರಾಸರಿ 15 ವ್ಯಾಟ್ ಎನ್ನೋಣ. ಕವಚದ ಮೇಲೆ ಬರೆದಿರುವ 50 ವ್ಯಾಟ್ ಎಂಬುದು ಅದನ್ನು ದೊಡ್ಡ ಲೋಹದ ಹಾಳೆಗೆ ಬೋಲ್ಟ್ ಮಾಡಿ ಬಿಗಿದಾಗಿನ ಮಾತು. ಗಾಳಿಯಲ್ಲಿ ತೂಗಾಡುವಾಗ ಅದು ತಾಳುವುದು ಅದರ ಮೂರನೇ ಒಂದರ ಆಸುಪಾಸು ಮಾತ್ರ. ಒಂದೆರಡು ತಿರುವಿಗೆ ಏನೂ ಆಗದು. ಆದರೆ ಶಿರಾಡಿ ಘಾಟಿಯಲ್ಲಿ ಕಾರು ಕೆಟ್ಟು ಹಜಾರ್ಡ್ ಹಾಕಿಕೊಂಡು ಒಂದು ಗಂಟೆ ನಿಂತಿದ್ದೀರಿ ಎಂದುಕೊಳ್ಳಿ: ನಾಲ್ಕೂ ರೆಸಿಸ್ಟರುಗಳು ಮುಟ್ಟಿದರೆ ಬೊಬ್ಬೆ ಏಳುವಷ್ಟು ಕಾದಿರುತ್ತವೆ. ಆ ಹೊತ್ತಿಗೆ ಅದು ಬಂಪರಿನ ಪ್ಲಾಸ್ಟಿಕ್ಕಿಗೋ, ಡಿಕ್ಕಿಯ ಒಳಗಿನ ಬಟ್ಟೆಯಂಥ ಹೊದಿಕೆಗೋ, ತಂತಿಗಳ ಕಟ್ಟಿಗೋ ತಾಗಿಕೊಂಡಿದ್ದರೆ ಮುಂದಿನದನ್ನು ಹೇಳಬೇಕಾಗಿಲ್ಲ. ಕಪ್ಪು ಟೇಪು ಸುತ್ತಿ ತಂತಿಗೇ ಕಟ್ಟಿಬಿಡುವ ಅಭ್ಯಾಸ ನಮ್ಮಲ್ಲಿ ಬಹಳವಿದೆ, ಮತ್ತು ರೆಸಿಸ್ಟರಿಗೆ ಬಂದ ಕೆಟ್ಟ ಹೆಸರಿನ ಬಹುಪಾಲು ಆ ಟೇಪಿನಿಂದಲೇ ಬಂದದ್ದು. ಅದನ್ನು ಬಾಡಿಯ ಲೋಹಕ್ಕೆ ಸ್ಕ್ರೂ ಹಾಕಿ ಕೂರಿಸಬೇಕು. ಡಬಲ್ ಸೈಡ್ ಟೇಪು ಶಾಖಕ್ಕೆ ಬಿಟ್ಟುಕೊಳ್ಳುತ್ತದೆ.

ತಂತಿ ಜೋಡಿಸಲು ಕಿಟ್ಟಿನ ಜೊತೆಗೆ ಕೊಡುವ, ತಂತಿಯನ್ನು ಕಚ್ಚಿ ಹಿಡಿಯುವ ನೀಲಿ ಅಥವಾ ಕೆಂಪು ಕ್ಲಿಪ್ಪುಗಳನ್ನು ಎಸೆದುಬಿಡುವುದು ಲೇಸು. ಅವು ಮೂಲ ತಂತಿಯ ಹೊದಿಕೆಯನ್ನು ಸೀಳಿ ಒಳಗಿನ ಎಳೆಗಳಲ್ಲಿ ಕೆಲವನ್ನು ಕತ್ತರಿಸುತ್ತವೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಆ ಸೀಳಿನೊಳಗೆ ನೀರಿಳಿದು ತಾಮ್ರ ಕಪ್ಪಾಗುತ್ತದೆ. ಬೆಸುಗೆ ಹಾಕಿ ಶಾಖಕ್ಕೆ ಕುಗ್ಗುವ ತೋಳು ಹಾಕಿಸಿ, ಇಲ್ಲವೇ ಬಲ್ಬಿನ ಹೋಲ್ಡರಿಗೂ ಕಾರಿನ ಕನೆಕ್ಟರಿಗೂ ನಡುವೆ ಸೇರುವ, ರೆಸಿಸ್ಟರ್ ಜೋಡಿಸಿಯೇ ಬರುವ ಅಡಾಪ್ಟರ್ ತಂತಿ ಸಿಕ್ಕರೆ ಅದನ್ನೇ ಕೊಳ್ಳಿ. ಮುಂದೊಂದು ದಿನ ಎಲ್ಲವನ್ನೂ ಬಿಚ್ಚಿ ಮೊದಲಿನಂತೆ ಮಾಡಲು ಸಾಧ್ಯವಾಗುತ್ತದೆ.

ಎಷ್ಟು ಬೇಕು? ಒಟ್ಟು ಕರೆಂಟು ಅಳೆಯುವ ಫ್ಲಾಷರ್ ಇದ್ದರೆ ಬದಿಗೊಂದರಂತೆ ಎರಡೇ ಸಾಕಾಗಬಹುದು. ಪ್ರತ್ಯೇಕ ಲೆಕ್ಕ ಇಡುವ ಬಿಸಿಎಮ್‌ಗೆ ಎಲ್‌ಇಡಿಗೊಂದರಂತೆ ಬೇಕೇ ಬೇಕು. ಹಗಲಿನಲ್ಲಿ ಬಿಳಿಯಾಗಿ ಉರಿದು ತಿರುವಿನಲ್ಲಿ ಹಳದಿಯಾಗುವ ಜೋಡಿ ಬಣ್ಣದ ಎಲ್‌ಇಡಿ ಹಾಕಿರುವವರು ರೆಸಿಸ್ಟರ್ ಹಳದಿ ಬೆಳಕಿಗೆ ಹೋಗುವ ತಂತಿಗೇ ಸೇರಿದೆಯೇ ಎಂದು ಕಣ್ಣಾರೆ ನೋಡಬೇಕು. ಬಿಳಿ ಬೆಳಕಿಗೆ ಹೋಗುವ ತಂತಿಗೆ ಸೇರಿದರೆ ಕಾರು ಓಡುವಷ್ಟು ಹೊತ್ತೂ ಅದು 30 ವ್ಯಾಟಿನಲ್ಲಿ ಬೇಯುತ್ತಿರುತ್ತದೆ. ಇನ್ನು ಎಲ್‌ಇಡಿಯಿಂದ ಕರೆಂಟು ಉಳಿಯುತ್ತದೆ ಎಂದು ಹಾಕಿಸಿದವರಿಗೆ ಒಂದು ಮಾತು: 30 ವ್ಯಾಟಿನ ರೆಸಿಸ್ಟರ್ ಜೊತೆ ಸೇರಿದ ಮೇಲೆ ಆ ದೀಪ ಹಳೆಯ ಬಲ್ಬಿಗಿಂತ ಹೆಚ್ಚೇ ಕರೆಂಟು ತಿನ್ನುತ್ತದೆ.

ಫ್ಲಾಷರ್ ರಿಲೇ ಬದಲಿಸುವುದು

ಬೇರೆಯಾಗಿ ಕೂತ ಫ್ಲಾಷರ್ ಇರುವ ಕಾರಾದರೆ ನನ್ನ ಮಟ್ಟಿಗೆ ಚರ್ಚೆಯೇ ಬೇಡ, ಇದೇ ಮೊದಲ ಆಯ್ಕೆ. ಎಲ್‌ಇಡಿಗೆ ಹೊಂದುವ ಎಲೆಕ್ಟ್ರಾನಿಕ್ ಫ್ಲಾಷರ್ ಲೋಡನ್ನು ಅಳೆಯುವ ಗೋಜಿಗೆ ಹೋಗದೆ ತನ್ನದೇ ಗಡಿಯಾರದಂತೆ ಮಿನುಗಿಸುತ್ತದೆ. ತಂತಿ ಕತ್ತರಿಸಬೇಕಾಗಿಲ್ಲ, ಶಾಖವಿಲ್ಲ, ಕಿತ್ತು ಹಳೆಯದನ್ನು ಹಾಕಿದರೆ ಕಾರು ಮೊದಲಿನಂತೆಯೇ.

ಕಷ್ಟವಿರುವುದು ಸರಿಯಾದದ್ದನ್ನು ಹುಡುಕುವುದರಲ್ಲಿ. ಮೂರು ಕಾಲಿನ ರಿಲೇಗಳೆಲ್ಲ ನೋಡಲು ಒಂದೇ ಥರ. ಆದರೆ ಯಾವ ಕಾಲು ಬ್ಯಾಟರಿಗೆ, ಯಾವುದು ದೀಪಕ್ಕೆ, ಯಾವುದು ಅರ್ತ್‌ಗೆ ಎಂಬ ಕ್ರಮ ಒಂದರಿಂದ ಒಂದಕ್ಕೆ ಬದಲಾಗುತ್ತದೆ. ಯೂರೋಪಿನ ಪದ್ಧತಿಯಲ್ಲಿ ಬ್ಯಾಟರಿಯ ಕಾಲಿನ ಪಕ್ಕ 49, ದೀಪದ ಕಾಲಿನ ಪಕ್ಕ 49ಎ, ಅರ್ತ್ ಕಾಲಿನ ಪಕ್ಕ 31 ಎಂದು ಕೊರೆದಿರುತ್ತದೆ. ಜಪಾನಿನ ಮೂಲದವುಗಳಲ್ಲಿ ಬಿ, ಎಲ್, ಇ ಅಕ್ಷರಗಳಿರುತ್ತವೆ. ಹಳೆಯದನ್ನು ಕಿತ್ತು ಅಂಗಡಿಗೆ ಒಯ್ದು, ಎರಡನ್ನೂ ತಲೆಕೆಳಗಾಗಿ ಹಿಡಿದು ಕಾಲಿಗೆ ಕಾಲು ತಾಳೆ ನೋಡಿಯೇ ಕೊಳ್ಳಬೇಕು. ಎರಡೇ ಕಾಲಿನ ಹಳೆಯ ಫ್ಲಾಷರಿಗೆ ಬದಲಾಗಿ ಬರುವ ಎಲೆಕ್ಟ್ರಾನಿಕ್ ಫ್ಲಾಷರುಗಳಲ್ಲಿ ಕೆಲವಕ್ಕೆ ಪ್ರತ್ಯೇಕ ಅರ್ತ್ ತಂತಿ ನೇತಾಡುತ್ತಿರುತ್ತದೆ. ಅದನ್ನು ಬಾಡಿಗೆ ಕಟ್ಟದಿದ್ದರೆ ದೀಪ ಹತ್ತಿ ಹಾಗೇ ನಿಲ್ಲುತ್ತದೆ, ಜನ ರಿಲೇಯೇ ಕೆಟ್ಟದ್ದೆಂದು ವಾಪಸು ಕೊಡುತ್ತಾರೆ. ವೇಗ ತಿದ್ದುವ ಸಣ್ಣ ಸ್ಕ್ರೂ ಇರುವ ರಿಲೇ ಸಿಕ್ಕರೆ ಒಳ್ಳೆಯದು. ಹತ್ತು ಸೆಕೆಂಡಿಗೆ ಹದಿನೈದು ಮಿನುಗು ಬರುವಂತೆ ತಿರುಗಿಸಿಕೊಂಡರೆ ನಿಮಿಷಕ್ಕೆ 90 ಆಯಿತು.

ಫ್ಲಾಷರನ್ನು ಹಜಾರ್ಡ್ ಸ್ವಿಚ್ಚಿನೊಳಗೇ ಅಥವಾ ಬೇರೊಂದು ಪೆಟ್ಟಿಗೆಯೊಳಗೆ ಅಡಗಿಸಿಟ್ಟ ಕಾರುಗಳೂ ಇವೆ. ಅಲ್ಲಿ ಬದಲಿ ಭಾಗ ಸಿಗದಿದ್ದರೆ ಈ ದಾರಿ ಮುಚ್ಚಿದಂತೆ. ಬಿಸಿಎಮ್ ಕಾರಿಗಂತೂ ಈ ದಾರಿ ಇಲ್ಲವೇ ಇಲ್ಲ. ಅಂಥ ಕಾರಿಗೂ ರಿಲೇ ಮಾರಲು ಬರುವವರು ಕಾರು ನೋಡಿಲ್ಲ ಎಂದೇ ಅರ್ಥ.

ಒಳಗೇ ರೆಸಿಸ್ಟರ್ ಇರುವ ಬಲ್ಬು

ಪೆಟ್ಟಿಗೆಯ ಮೇಲೆ ಕ್ಯಾನ್‌ಬಸ್ (ಕಾರಿನ ಮಾಡ್ಯೂಲುಗಳನ್ನು ಬೆಸೆಯುವ ಜಾಲದ ಹೆಸರು), ಎರರ್ ಫ್ರೀ ಎಂದೆಲ್ಲ ಬರೆದು ಮಾರುವ ಎಲ್‌ಇಡಿಗಳಿವೆ. ಕಾರಿನ ಜಾಲದೊಂದಿಗೆ ಮಾತಾಡುವಂಥದ್ದು ಅವುಗಳೊಳಗೆ ಏನೂ ಇಲ್ಲ. ಇರುವುದು ಅದೇ ರೆಸಿಸ್ಟರ್, ಬಲ್ಬಿನ ಹೊಟ್ಟೆಯೊಳಗೆ. ಹಾಕುವುದು ಬಲು ಸುಲಭ, ತಂತಿಯ ಕೆಲಸವಿಲ್ಲ. ಆದರೆ ಹೊರಗೆ ಲೋಹದ ಹಾಳೆಗೆ ಬಿಗಿದರೂ ಕಷ್ಟಪಡುವ ಶಾಖ ಇಲ್ಲಿ ಹೆಬ್ಬೆರಳಿನ ಗಾತ್ರದ ಬಲ್ಬಿನಲ್ಲಿ, ಅದೂ ಶಾಖವೆಂದರೆ ಆಗದ ಎಲ್‌ಇಡಿ ಚಿಪ್ಪಿನ ಪಕ್ಕದಲ್ಲೇ ಹುಟ್ಟುತ್ತದೆ. ಒಳ್ಳೆಯವುಗಳು ಬಿಸಿ ಏರಿದಂತೆ ಬೆಳಕು ತಗ್ಗಿಸಿಕೊಳ್ಳುತ್ತವೆ, ಕೆಲವಕ್ಕೆ ಪುಟ್ಟ ಫ್ಯಾನೂ ಇರುತ್ತದೆ; ಅಗ್ಗದವುಗಳು ಸುಮ್ಮನೆ ಸಾಯುತ್ತವೆ. ಕೊಂಡ ಮೇಲೆ ಒಂದು ಪರೀಕ್ಷೆ ಮಾಡಿ: ಒಂದು ಬದಿ ಹಳೆಯ ಬಲ್ಬು, ಇನ್ನೊಂದು ಬದಿ ಇದನ್ನು ಹಾಕಿ ಹತ್ತು ನಿಮಿಷ ಹಜಾರ್ಡ್ ಬಿಟ್ಟು, ಬಳಿಕ ಎರಡರ ಬೆಳಕನ್ನು ಹೋಲಿಸಿ. ಹತ್ತು ನಿಮಿಷದಲ್ಲಿ ಮಂಕಾಗುವಂಥದ್ದನ್ನು ಅಂದೇ ಹಿಂದಿರುಗಿಸಿ. ತಿರುವಿನಲ್ಲಿ ಮಾತ್ರ ಇಂಡಿಕೇಟರ್ ಬಳಸುವ ಊರೊಳಗಿನ ಓಡಾಟಕ್ಕೆ, ತಂತಿ ಮುಟ್ಟಿದರೆ ವಾರಂಟಿ ಹೋದೀತೆಂಬ ಆತಂಕವಿರುವ ಹೊಸ ಬಿಸಿಎಮ್ ಕಾರಿಗೆ, ಒಳ್ಳೆಯ ತಯಾರಿಕೆಯದಾದರೆ ಇದನ್ನು ಪರಿಗಣಿಸಬಹುದು.

ಕೋಡಿಂಗ್

ಬಿಸಿಎಮ್ ಕಾರುಗಳಿಗೆ ಅತಿ ಶುದ್ಧವಾದ ದಾರಿ ಇದು: ಆ ಬಲ್ಬಿನ ಜಾಗದಲ್ಲಿ ಎಲ್‌ಇಡಿ ಇದೆ ಎಂದು ಮಾಡ್ಯೂಲಿಗೇ ಹೇಳಿಬಿಡುವುದು. ಶಾಖವೂ ಇಲ್ಲ, ತಂತಿಯೂ ಇಲ್ಲ. ಆದರೆ ಎಲ್ಲ ಕಂಪನಿಗಳೂ ಈ ಬಾಗಿಲು ತೆರೆದಿಟ್ಟಿಲ್ಲ. ನಮ್ಮಲ್ಲಿ ಈ ವಿಷಯದಲ್ಲಿ ಹೆಚ್ಚು ಅನುಕೂಲವಿರುವುದು ಫೋಕ್ಸ್‌ವ್ಯಾಗನ್ ಮತ್ತು ಸ್ಕೋಡಾ ಮಾಲೀಕರಿಗೆ. ಪೋಲೊ, ಆಕ್ಟೇವಿಯಾಗಳಂಥ ಕಾರುಗಳಲ್ಲಿ ವಿಸಿಡಿಎಸ್ ಎಂಬ ತಂತ್ರಾಂಶದ ಕೇಬಲನ್ನು ಸ್ಟಿಯರಿಂಗ್ ಕೆಳಗಿನ, ಕಾರಿನ ದೋಷ ಪತ್ತೆಗೆಂದಿರುವ ಓಬಿಡಿ ಕನೆಕ್ಟರಿಗೆ ಸಿಕ್ಕಿಸಿ, 09ನೇ ಸಂಖ್ಯೆಯ ಸೆಂಟ್ರಲ್ ಎಲೆಕ್ಟ್ರಿಕ್ಸ್ ಮಾಡ್ಯೂಲಿಗೆ ಹೋದರೆ ದೀಪಗಳ ಬಗೆ ಮತ್ತು ಅವುಗಳ ಪರೀಕ್ಷೆಗೆ ಸಂಬಂಧಿಸಿದ ಆಯ್ಕೆಗಳು ಸಿಗುತ್ತವೆ. ಆರಿದ್ದಾಗ ನಡೆಯುವ ಪರೀಕ್ಷೆಯನ್ನು ನಿಲ್ಲಿಸಿದರೆ ಮಿಣುಕುವುದೂ ನಿಲ್ಲುತ್ತದೆ.

ಕೈಹಾಕುವ ಮೊದಲು ಮೂಲ ಕೋಡಿಂಗಿನ ಒಂದೊಂದು ಅಂಕಿಯನ್ನೂ ಫೋಟೋ ತೆಗೆದಿಟ್ಟುಕೊಳ್ಳಿ, ಬ್ಯಾಟರಿ ನಿಶ್ಶಕ್ತವಾಗಿರುವಾಗ ಈ ಕೆಲಸಕ್ಕೆ ಹೋಗಬೇಡಿ. ಸರ್ವೀಸ್ ಸೆಂಟರಿನಲ್ಲಿ ಸಾಫ್ಟ್‌ವೇರ್ ಹೊಸದು ಹಾಕಿದರೆ ಮೊದಲಿನ ಸ್ಥಿತಿಗೇ ಮರಳಬಹುದು. ಯಾರೋ ಹಂಚಿಕೊಂಡ ಕೋಡಿಂಗ್ ಅಂಕಿಯನ್ನು ಬೇರೆ ವರ್ಷದ, ಬೇರೆ ವೇರಿಯಂಟಿನ ಕಾರಿಗೆ ಕಣ್ಣುಮುಚ್ಚಿ ಬರೆಯುವುದು ಅಪಾಯ. ದೀಪದ ಬದಲು ವೈಪರಿನ ನಡತೆ ಬದಲಾದರೆ ಆಶ್ಚರ್ಯಪಡಬೇಕಿಲ್ಲ.

ಏನೂ ಮಾಡದಿರುವುದೂ ಒಂದು ಆಯ್ಕೆ

ಮೇಲಿನ ನಾಲ್ಕೂ ಪರಿಹಾರಗಳಲ್ಲಿ ಮಾರುವವರು ಹೇಳದ ಒಂದು ಸಮಾನ ಅಂಶವಿದೆ. ರೆಸಿಸ್ಟರ್ ಹಾಕಿದ ಮೇಲೆ ಎಲ್‌ಇಡಿ ಸತ್ತರೂ ರೆಸಿಸ್ಟರ್ ಕರೆಂಟು ಎಳೆಯುತ್ತಲೇ ಇರುತ್ತದೆ, ಡ್ಯಾಶ್‌ಬೋರ್ಡ್ ಎಲ್ಲ ಸರಿಯಿದೆ ಎನ್ನುತ್ತದೆ. ಒಳ ರೆಸಿಸ್ಟರಿನ ಬಲ್ಬಿನದೂ ಅದೇ ಕಥೆ. ಎಲ್‌ಇಡಿ ಫ್ಲಾಷರ್ ಲೆಕ್ಕವನ್ನೇ ಇಡುವುದಿಲ್ಲ. ಕೋಡಿಂಗಿನಲ್ಲಿ ಪರೀಕ್ಷೆಯನ್ನು ಪೂರ್ತಿ ಆಫ್ ಮಾಡಿದರೆ ಫಲಿತಾಂಶ ಅದೇ. ಎಲ್‌ಇಡಿಯ ಕಡಿಮೆ ಕರೆಂಟಿಗೆ ತಕ್ಕ ಗೆರೆಯನ್ನು ಆರಿಸಲು ಮಾಡ್ಯೂಲ್ ಅವಕಾಶ ಕೊಟ್ಟರೆ ಮಾತ್ರ ಎಚ್ಚರಿಕೆ ಉಳಿಯುತ್ತದೆ. ಅಂದರೆ ಪಟಪಟ ನಿಲ್ಲಿಸಲು ನಾವು ಕೊಡುವ ಬೆಲೆ ಆ ಎಚ್ಚರಿಕೆಯೇ. ಕಾವಲು ನಾಯಿ ಬೊಗಳುತ್ತದೆಂದು ಬಾಯಿ ಕಟ್ಟಿದ ಹಾಗೆ. ರಾತ್ರಿ ಹೆದ್ದಾರಿಯಲ್ಲಿ ಹೆಚ್ಚು ಓಡುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಆದ್ದರಿಂದ ಹಳೆಯ ಬಲ್ಬಿಗೆ ಮರಳುವುದನ್ನು ಸೋಲೆಂದು ಭಾವಿಸಬೇಕಾಗಿಲ್ಲ. ಇಂಡಿಕೇಟರಿನಲ್ಲಿ ಫಿಲಮೆಂಟ್ ಬಲ್ಬು ಉರಿಯುವ ಹೊತ್ತು ದಿನಕ್ಕೆ ಕೆಲವೇ ನಿಮಿಷ. ಅದು ವರ್ಷಗಟ್ಟಲೆ ಬಾಳುತ್ತದೆ, ಕರೆಂಟಿನ ಉಳಿತಾಯ ಲೆಕ್ಕಕ್ಕೆ ಬರುವಂಥದ್ದಲ್ಲ. ದೀಪದ ಬಟ್ಟಲನ್ನು ಒಂದು ಬಿಂದುವಿನಲ್ಲಿರುವ ಸಣ್ಣ ತಂತಿಯ ಬೆಳಕನ್ನು ಹರಡಲೆಂದೇ ರೂಪಿಸಿರುತ್ತಾರೆ. ಸುತ್ತಲೂ ಚಿಪ್ ಅಂಟಿಸಿದ ಎಲ್‌ಇಡಿ ಕಂಬ ಆ ಜಾಗದಲ್ಲಿ ಕೂತಾಗ ನೇರ ಹಿಂದಿನಿಂದ ಕಣ್ಣು ಕುಕ್ಕಿದರೂ ಓರೆಯಿಂದ ಬರುವ ಬೈಕಿನವನಿಗೆ ಮಂಕಾಗಿ ಕಾಣಬಹುದು. 21 ವ್ಯಾಟಿನ ಹಳದಿ ಬಲ್ಬು ಕೊಡುವ ಬೆಳಕು ಸುಮಾರು 280 ಲ್ಯೂಮೆನ್. ಪೆಟ್ಟಿಗೆಯ ಮೇಲೆ ಸಾವಿರಗಳಲ್ಲಿ ಬರೆದಿರುವ ಅಂಕಿಗೆ ಬೆರಗಾಗಬೇಕಿಲ್ಲ.

ಎಲ್‌ಇಡಿಯ ನೋಟವೇ ಬೇಕೆಂದಿದ್ದರೆ, ನಿಮ್ಮದೇ ಕಾರಿನ ಮೇಲಿನ ವೇರಿಯಂಟಿಗೆ ಕಂಪನಿಯೇ ಕೊಡುವ ಇಡೀ ಎಲ್‌ಇಡಿ ದೀಪದ ಜೋಡಣೆ ಸಿಗುತ್ತದೆಯೇ ವಿಚಾರಿಸಿ. ದುಬಾರಿ ನಿಜ, ಅದಕ್ಕೂ ಕೋಡಿಂಗ್ ಬೇಕಾದೀತು. ಆದರೆ ಅದರ ಬಟ್ಟಲು ಎಲ್‌ಇಡಿಗೆಂದೇ ಆದದ್ದು, ಕೆಟ್ಟಾಗ ಬಿಸಿಎಮ್‌ಗೆ ತಿಳಿಸುವ ಏರ್ಪಾಡೂ ಅದರೊಳಗೇ ಇರುತ್ತದೆ.

ಬಣ್ಣ, ಕಾನೂನು, ಬೈಕು

ಬಣ್ಣದಲ್ಲಿ ರಾಜಿಯಿಲ್ಲ: ಇಂಡಿಕೇಟರ್ ಹಳದಿಯೇ ಆಗಿರಬೇಕು. ಗಾಜು ಹಳದಿಯಾಗಿದ್ದರೂ ಒಳಗೆ ಬಿಳಿ ಎಲ್‌ಇಡಿ ಬೇಡ. ಅದರ ಬೆಳಕಿನಲ್ಲಿ ನೀಲಿಯ ಪಾಲು ದೊಡ್ಡದಾದ್ದರಿಂದ ಹಳದಿ ಗಾಜು ಬಹಳಷ್ಟನ್ನು ನುಂಗಿ, ಹೊರಗೆ ಬರುವುದು ಪೇಲವ. ಹಳದಿ ಗಾಜಿಗೂ ಪಾರದರ್ಶಕ ಗಾಜಿಗೂ ಹಳದಿ ಎಲ್‌ಇಡಿಯನ್ನೇ ಕೊಳ್ಳಿ. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಂದ ವಾಹನ ಬೇರೆಯಾಗುವಂಥ ಮಾರ್ಪಾಡನ್ನು ನಿರ್ಬಂಧಿಸುತ್ತದೆ ಎಂಬುದೂ, ವಾರಂಟಿ ಇರುವ ಕಾರಿನಲ್ಲಿ ತಂತಿ ಕತ್ತರಿಸಿದರೆ ವಿದ್ಯುತ್ ಭಾಗದ ವಾರಂಟಿ ತಿರಸ್ಕಾರವಾಗಬಹುದು ಎಂಬುದೂ ನೆನಪಿರಲಿ.

ಮನೆಯಲ್ಲಿರುವ ಬೈಕಿಗೂ ಎಲ್‌ಇಡಿ ಇಂಡಿಕೇಟರ್ ಹಾಕಿಸುವವರಿಗೆ ಒಂದು ವಿಶೇಷ. ಅಲ್ಲಿ ಬಲ್ಬುಗಳು 10 ವ್ಯಾಟಿನವು, ಫ್ಲಾಷರ್ ಸುಲಭವಾಗಿ ಕೈಗೆ ಸಿಗುತ್ತದೆ. ಹಾಗಾಗಿ ರಿಲೇ ಬದಲಿಸುವುದೇ ಸರಿ. ಆದರೆ ಮೀಟರಿನಲ್ಲಿ ಎಡಕ್ಕೂ ಬಲಕ್ಕೂ ಒಂದೇ ಸೂಚಕ ದೀಪವಿದ್ದು, ಅದನ್ನು ಎರಡು ಬದಿಯ ತಂತಿಗಳ ನಡುವೆ ಜೋಡಿಸಿರುವ ಬೈಕುಗಳಲ್ಲಿ, ರಿಲೇ ಬದಲಿಸಿದ ಮೇಲೆ ಎಡಕ್ಕೆ ಹಾಕಿದರೂ ನಾಲ್ಕೂ ಮಿನುಗುತ್ತವೆ. ಆ ಪುಟ್ಟ ದೀಪದ ಮೂಲಕ ಆಚೆ ಬದಿಗೆ ನುಸುಳುವ ಕರೆಂಟು ಹಳೆಯ ಬಲ್ಬನ್ನು ಹೊತ್ತಿಸಲು ಸಾಲುತ್ತಿರಲಿಲ್ಲ, ಎಲ್‌ಇಡಿಗೆ ಸಾಕು. ಸೂಚಕ ದೀಪದ ಒಂದು ತುದಿಯನ್ನು ಅರ್ತ್‌ಗೆ ಕಟ್ಟಿ, ಇನ್ನೊಂದು ತುದಿಗೆ ಎರಡು ಬದಿಯ ತಂತಿಗಳಿಂದಲೂ ಒಂದೊಂದು 1ಎನ್4007 ಡಯೋಡ್ ಮೂಲಕ ಸಂಪರ್ಕ ಕೊಟ್ಟರೆ ಈ ಕಾಟ ಮುಗಿಯುತ್ತದೆ. ಡಯೋಡಿನ ಬೆಳ್ಳಿಯ ಗೆರೆ ಸೂಚಕ ದೀಪದ ಕಡೆಗಿರಬೇಕು.

ಕಾರಿನಲ್ಲಿ ಯಾವ ದಾರಿ ಹಿಡಿದರೂ ಅಂಗಡಿ ಬಿಡುವ ಮುನ್ನ ಮಾಡಬೇಕಾದ ತಪಾಸಣೆ ಒಂದೇ. ಇಂಜಿನ್ ಚಾಲೂ ಇರುವಾಗ ಎಡ, ಬಲ, ಹಜಾರ್ಡ್ ಮೂರನ್ನೂ ಹತ್ತು ಹತ್ತು ಸೆಕೆಂಡ್ ಎಣಿಸಿ, ಹತ್ತರಿಂದ ಇಪ್ಪತ್ತರೊಳಗಿರಬೇಕು. ಬ್ರೇಕ್ ಒತ್ತಿಕೊಂಡು, ಹೆಡ್‌ಲೈಟ್ ಹಾಕಿಕೊಂಡು ಮತ್ತೊಮ್ಮೆ ನೋಡಿ, ಬೇರೆ ಯಾವ ದೀಪವೂ ಜೊತೆಗೆ ಮಿನುಗಬಾರದು. ರೆಸಿಸ್ಟರ್ ಹಾಕಿಸಿದ್ದರೆ ಕಾಲು ಗಂಟೆ ಹಜಾರ್ಡ್ ಬಿಟ್ಟು, ಸುತ್ತಲಿನ ಪ್ಲಾಸ್ಟಿಕ್ ಮೆತ್ತಗಾಗಿದೆಯೇ, ಸುಟ್ಟ ವಾಸನೆ ಬರುತ್ತಿದೆಯೇ ಎಂದು ನೋಡಿ, ರೆಸಿಸ್ಟರನ್ನು ಮಾತ್ರ ಬರಿಗೈಯಲ್ಲಿ ಮುಟ್ಟಬೇಡಿ. ನಡುಮಧ್ಯಾಹ್ನದ ಬಿಸಿಲಿನಲ್ಲಿ ಇಪ್ಪತ್ತು ಹೆಜ್ಜೆ ಹಿಂದೆ ಹೋಗಿ ನೇರದಿಂದಲೂ ಓರೆಯಿಂದಲೂ ದೀಪವನ್ನು ದಿಟ್ಟಿಸಿ. ಎಚ್ಚರಿಕೆ ಕಳೆದುಕೊಂಡಿರುವ ಕಾರಿನಲ್ಲಿ ತಿಂಗಳಿಗೊಮ್ಮೆ, ದೂರದ ಪ್ರಯಾಣಕ್ಕೆ ಮುನ್ನ ತಪ್ಪದೆ, ಹಜಾರ್ಡ್ ಹಾಕಿ ಕಾರಿನ ಸುತ್ತ ಒಂದು ಸುತ್ತು ಬನ್ನಿ.